ಮಾವಿನ ಮರ ಸವರಲು ಕೈಗರಗಸವೋ, ಪೆಟ್ರೋಲಿನದೋ, ಬ್ಯಾಟರಿಯದೋ?

ಶ್ರೀನಿವಾಸಪುರದ ಕಡೆ ಮರ ಸವರೋದನ್ನೇ ಕಸುಬು ಮಾಡಿಕೊಳ್ತೀನಿ, ಮೊದಲು ಯಾವ ಗರಗಸ ತಗೊಳ್ಳಲಿ ಅಂತ ಕೇಳಿದ್ದೀರಿ.

ದುಡ್ಡು ನೋಡಿದರೆ ಕೈಗರಗಸವೇ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಉಳಿದೆರಡೂ ಚೈನ್ ಗರಗಸಗಳು, ಸಾವಿರಗಳ ಮಾತು. ಬ್ಯಾಟರಿಯದಕ್ಕೆ ಇನ್ನೊಂದು ಬ್ಯಾಟರಿಯ ಖರ್ಚನ್ನೂ ಸೇರಿಸಿಕೊಳ್ಳಿ. ತೋಟದಲ್ಲಿ ಚಾರ್ಜ್ ಮಾಡೋಕೆ ಕರೆಂಟ್ ಎಲ್ಲಿಂದ ತರ್ತೀರಿ?

ಆದರೆ ಹಣ್ಣು ಕೊಯ್ದ ಮೇಲೆ ಎಲ್ಲರೂ ಒಟ್ಟಿಗೇ ಕರೀತಾರೆ. ಹಳೇ ತೋತಾಪುರಿ ಮರದ ತೊಡೆ ಗಾತ್ರದ ಕೊಂಬೆಗೆ ಕೈಗರಗಸ ಹಾಕಿದರೆ ಭುಜ ಬಿದ್ದುಹೋಗುತ್ತದೆ. ಅಲ್ಲಿ ಪೆಟ್ರೋಲಿನದೇ ಸರಿ. ಆದರೆ ಅದನ್ನು ಸಾಕೋದು ಕಷ್ಟ. ಪೆಟ್ರೋಲಿಗೆ ಬೆರೆಸೋ ಟೂ-ಸ್ಟ್ರೋಕ್ ಆಯಿಲ್ 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ. ನಾನೊಮ್ಮೆ ಆಯಿಲ್ ಮರೆತು ಪಿಸ್ಟನ್ ಕಚ್ಚಿಸಿಕೊಂಡೆ! ಚೂರು ಬೀಳುವ ಬದಲು ಹಿಟ್ಟಿನಂಥ ಪುಡಿ ಬಿದ್ದರೆ ಚೈನ್ ಮೊಂಡಾಗಿದೆ ಅಂತ. ಕೂಡಲೇ ಅರ ಹಿಡಿಯಿರಿ.

ಮರ ಹತ್ತಿ ಸವರೋರಿಗೆ ಮಾತ್ರ ನಾನು ಕೈಗರಗಸವನ್ನೇ ಹೇಳೋದು. ಏಣಿ ಮೇಲೆ ಚೈನ್ ಗರಗಸ ಸುಮ್ನೆ ಅಪಾಯ. ಮಣಿಕಟ್ಟಿನ ದಪ್ಪದ ಕೊಂಬೆಗೆ, ಊರೊಳಗಿನ ಮನೆಗಳ ಕೆಲಸಕ್ಕೆ ಬ್ಯಾಟರಿಯದು ಒಳ್ಳೆಯದು. ಸದ್ದು ಕಡಿಮೆ, ಹೊಗೆ ಇಲ್ಲ.

ಯಾವುದೇ ಇರಲಿ, ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕತ್ತರಿಸಿ. ಇಲ್ಲದಿದ್ದರೆ ತೊಗಟೆ ಸೀಳಿಕೊಂಡು ಬರುತ್ತದೆ, ತೋಟದವರು ಮತ್ತೆ ಕರೆಯೋದಿಲ್ಲ. ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿಗೆ ತಾಗದಂತೆ ತೆಗೆದು, ಗಾಯಕ್ಕೆ ಬೋರ್ಡೊ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಬಳಿಯಿರಿ.

ಒಂಟಿಯಾಗಿ, ಎಳೇ ತೋಟಗಳಲ್ಲಿ ಶುರು ಮಾಡೋದಾದರೆ ಕೈಗರಗಸ ಸಾಕು. ಹಳೇ ತೋಟಗಳ ಗುತ್ತಿಗೆ ಕೈಗೆ ಬಂದಾಗ ಪೆಟ್ರೋಲಿನದು ತಗೊಳ್ಳಿ.