ಗಾಲಿಕುರ್ಚಿಯ ಗಾಳಿ ದಿಂಬು: ಆರು ವರ್ಷ ಕೂತ ಮೇಲೆ ಬರೆಯುತ್ತಿದ್ದೇನೆ

2017ರ ಜುಲೈಯಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಹತ್ತಿದ ಅಡಿಕೆ ಮರದಿಂದ ಬಿದ್ದೆ. ಟಿ12 ಅಂದರೆ ಪಕ್ಕೆಲುಬು ಮುಗಿಯುವ ಕಡೆಯ ಬೆನ್ನುಮೂಳೆ, ಅದರ ಹತ್ತಿರ ಬೆನ್ನುಹುರಿಗೆ ಪೆಟ್ಟಾಯಿತು. ಕಾಲಲ್ಲಿ ಬಲವಿಲ್ಲ, ಕೂರುವ ಜಾಗದಲ್ಲಿ ಸ್ಪರ್ಶವಿಲ್ಲ.

ಗಾಲಿಕುರ್ಚಿ ಯಾವುದು ಅಂತ ಮನೆಯವರೆಲ್ಲ ವಾರಗಟ್ಟಲೆ ಚರ್ಚೆ ಮಾಡಿದೆವು. ದಿಂಬಿನ ಬಗ್ಗೆ ಯಾರೂ ಯೋಚಿಸಲಿಲ್ಲ. ಅಂಗಡಿಯವರು ಕೊಟ್ಟ ಸ್ಪಂಜಿನ ಮೇಲೆಯೇ ಕೂತೆ. ವರ್ಷದೊಳಗೆ ಅದು ಚಪ್ಪಟೆಯಾಗಿತ್ತು. ಒಂದು ದಿನ ನನ್ನ ಪ್ಯಾಂಟಿನಲ್ಲಿ ಒದ್ದೆ ಕಲೆ ನೋಡಿ ಅಮ್ಮ ಗಾಬರಿಯಾದರು. ಎಡಗಡೆ ಕೂರುವ ಮೂಳೆಯ ಕೆಳಗೆ ಹುಣ್ಣು! ನನಗೆ ನೋವೇ ಗೊತ್ತಾಗಿರಲಿಲ್ಲ. ಮೂರು ತಿಂಗಳು ಕವುಚಿ ಮಲಗಿದೆ. ಮರದಿಂದ ಬಿದ್ದಾಗಲೂ ನಾನು ಅಷ್ಟು ಕುಗ್ಗಿರಲಿಲ್ಲ.

ಆಮೇಲೆ ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆಯ ಪುನರ್ವಸತಿ ಕೇಂದ್ರಕ್ಕೆ ಹೋದೆ. 1966ರಲ್ಲಿ ಅದನ್ನು ಶುರು ಮಾಡಿದ ಡಾ. ಮೇರಿ ವರ್ಗೀಸ್ ಅವರಿಗೂ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿತ್ತು. ಗಾಲಿಕುರ್ಚಿಯಲ್ಲಿ ಕೂತೇ ಆಪರೇಷನ್ ಮಾಡುತ್ತಿದ್ದರಂತೆ. ಅದನ್ನು ಕೇಳಿದ ದಿನ ರಾತ್ರಿ ತುಂಬ ಹೊತ್ತು ನಿದ್ದೆ ಬರಲಿಲ್ಲ.

2019ರಲ್ಲಿ ಈ ದಿಂಬು ತಗೊಂಡೆ. 20 ಸಾವಿರಕ್ಕೂ ಜಾಸ್ತಿ ಆಯಿತು. ರಬ್ಬರಿನ ಹಾಸಿನ ಮೇಲೆ ಮೊಟ್ಟೆ ಟ್ರೇಯ ಹಾಗೆ ಸಾಲು ಸಾಲು ಗಾಳಿ ಗುಳ್ಳೆಗಳು. ಒಳಗೆ ಎಲ್ಲಕ್ಕೂ ಒಂದೇ ಗಾಳಿ. ಕೂತಾಗ ಮೂಳೆಯ ಕೆಳಗಿನ ಗಾಳಿ ಪಕ್ಕಕ್ಕೆ ಸರಿಯುತ್ತದೆ, ಭಾರ ಹಂಚಿಹೋಗುತ್ತದೆ.

ಮೊದಲ ತಿಂಗಳು ನಾನು ಗಾಳಿ ಬಿಗಿಯಾಗಿ ತುಂಬಿಸಿದ್ದೆ. ಅದು ತಪ್ಪು. ಬಿಗಿಯಾದರೆ ಗುಳ್ಳೆಗಳ ತುದಿಯ ಮೇಲೆ ಕೂತ ಹಾಗಾಗುತ್ತದೆ, ಮೈಯೂ ವಾಲಾಡುತ್ತದೆ. ಕೂತ ಮೇಲೆ ಮೂಳೆಯ ಕೆಳಗೆ ಅಂಗೈ ತೂರಿಸಿ ನೋಡಬೇಕು. ಮೂಳೆಗೂ ತಳಕ್ಕೂ ನಡುವೆ ಅರ್ಧದಿಂದ ಒಂದು ಇಂಚು ಇದ್ದರೆ ಸರಿ. ಬೆಳಿಗ್ಗೆ ಕಾಫಿಗೆ ಮೊದಲು ನನ್ನದು ಇದೇ ಕೆಲಸ.

ಘಟ್ಟ ಹತ್ತುವವರು ಇದನ್ನು ನೆನಪಿಡಿ. ಚಾರ್ಮಾಡಿ ಹತ್ತಿ ಮೂಡಿಗೆರೆಗೆ ಮದುವೆಗೆ ಹೋಗಿದ್ದೆ. ಮೇಲೆ ಹೋದ ಹಾಗೆ ಹೊರಗಿನ ಒತ್ತಡ ಕಡಿಮೆಯಾಗಿ ದಿಂಬಿನ ಗಾಳಿ ಹಿಗ್ಗಿತು. ಕೊಟ್ಟಿಗೆಹಾರದಲ್ಲಿ ಸ್ವಲ್ಪ ಬಿಟ್ಟೆ. ವಾಪಸ್ ಇಳಿದಾಗ ಮತ್ತೆ ತುಂಬಿಸಬೇಕು ಅನ್ನೋದು ಹೊಳೆಯಲಿಲ್ಲ. ಮನೆಗೆ ಬಂದು ಕೈ ಹಾಕಿದರೆ ಮೂಳೆ ತಳಕ್ಕೇ ತಾಗಿತ್ತು. ಚರ್ಮ ಕೆಂಪಾಗಿತ್ತು. ಎರಡು ದಿನ ಕೂರದೆ ಮಲಗಿದ್ದಕ್ಕೆ ಬಚಾವಾದೆ. ಈಗ ಪಂಪು ಯಾವಾಗಲೂ ಚೀಲದಲ್ಲಿರುತ್ತದೆ.

ತೊಂದರೆಗಳೂ ಇವೆ. ಕಾರಿಗೆ ಜರುಗುವಾಗ ಕೈಗೆ ಗಟ್ಟಿ ಆಧಾರ ಸಿಗುವುದಿಲ್ಲ. ಎರಡು ಸಲ ಪಂಕ್ಚರ್ ಆಯಿತು. ಸೈಕಲ್ ಟ್ಯೂಬಿನ ಹಾಗೆ ನೀರಲ್ಲಿ ಮುಳುಗಿಸಿ ಗುಳ್ಳೆ ನೋಡಿ, ಜೊತೆಗೆ ಬಂದ ತೇಪೆ ಹಚ್ಚಿದೆ. ವಾಲ್ವ್ ಕೆಟ್ಟಾಗ ಮಾತ್ರ ಮಾರಿದವರು ಒಂದು ತಿಂಗಳು ಫೋನೇ ಎತ್ತಲಿಲ್ಲ. ನಮ್ಮಂಥವರಿಗೆ ಒಂದು ತಿಂಗಳು ಅಂದರೆ ಏನು ಅಂತ ಅವರಿಗೆ ತಿಳಿಯಬೇಕಿತ್ತು.

ದಿಂಬಿನ ಮೇಲೆ ಟವೆಲ್ ಮಡಚಿ ಹಾಕಬೇಡಿ, ಗುಳ್ಳೆಗಳು ಕೆಲಸ ಮಾಡುವುದಿಲ್ಲ. ಅದರ ಹಿಗ್ಗುವ ಕವರ್ ಸಾಕು. ದಿಂಬು ಇದೆ ಅಂತ ಸುಮ್ನೆ ಕೂತೂ ಇರಬೇಡಿ. ನಾನು ಅರ್ಧ ಗಂಟೆಗೊಮ್ಮೆ ಎದೆ ಮೊಣಕಾಲಿಗೆ ತಾಗುವಷ್ಟು ಮುಂದೆ ಬಾಗಿ ಎರಡು ನಿಮಿಷ ಇರುತ್ತೇನೆ. ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡುತ್ತೇನೆ. ದುಡ್ಡು ಹೊಂದದವರು ಒಳ್ಳೆಯ ಗಟ್ಟಿ ಫೋಮ್ ತಗೊಳ್ಳಿ, ಚಪ್ಪಟೆಯಾಗುವ ಮೊದಲೇ ಬದಲಿಸಿ. ಬಾಗುವುದು, ಕನ್ನಡಿ ಎರಡನ್ನೂ ಬಿಡಬೇಡಿ.

ಆರು ವರ್ಷದಲ್ಲಿ ಮತ್ತೆ ಹುಣ್ಣಾಗಿಲ್ಲ. ಹೋದ ತಿಂಗಳು ಎರಡನೆಯದು ತಗೊಂಡೆ. ತೇಪೆ ಹಾಕಿದ ಹಳೆಯದು ಕಾರಿನಲ್ಲಿದೆ.