64 ಡಿಗ್ರಿ ಅಂತ ನಂಬಿ ಒಳ್ಳೆ ಪ್ರೊಸೆಸರ್ ಕಿತ್ತು ಹಾಕಿದ ಕಥೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಂಪ್ಯೂಟರ್‌ನಲ್ಲಿ ಎಎಂಡಿ ಕಂಪನಿಯ ರೈಜನ್ 1700ಎಕ್ಸ್, 1800ಎಕ್ಸ್ ಅಥವಾ 2700ಎಕ್ಸ್ ಪ್ರೊಸೆಸರ್ ಇದ್ದು, ಯಾವುದೋ ಸಾಫ್ಟ್‌ವೇರ್ ಅದರ ಬಿಸಿಯನ್ನು ಸಿಕ್ಕಾಪಟ್ಟೆ ತೋರಿಸುತ್ತಿದ್ದರೆ, ಸ್ಕ್ರೂಡ್ರೈವರ್ ಕೆಳಗಿಡಿ. ಇದನ್ನು ಓದಿ, ಆಮೇಲೆ ಬೇಕಿದ್ದರೆ ಎತ್ತಿಕೊಳ್ಳಿ. ನಾನು ಇಡಲಿಲ್ಲ. ಹತ್ತು ಸಾವಿರ ಚಿಲ್ಲರೆ ರೂಪಾಯಿ ಹೋಯಿತು. ಎರಡು ಮದುವೆ ಮನೆಯವರ ಹತ್ತಿರ ಬೈಸಿಕೊಂಡಿದ್ದು ಬೇರೆ.

ಮಂಡ್ಯದಲ್ಲಿ ನನ್ನದು ವಿಡಿಯೊ ಎಡಿಟಿಂಗ್ ಕೆಲಸ. ಮದುವೆ, ನಾಮಕರಣ, ಗೃಹಪ್ರವೇಶ, ಬೀಗರೂಟ, ಏನಿದ್ದರೂ ಸರಿ. ಮಷಿನ್ ಸೆಕೆಂಡ್ ಹ್ಯಾಂಡ್. ಒಳಗಿದ್ದದ್ದು ರೈಜನ್ 7 1700ಎಕ್ಸ್. 2017ರಲ್ಲಿ ಬಂದ ಚಿಪ್, ಎಂಟು ಕೋರ್, ಹದಿನಾರು ಥ್ರೆಡ್. ಹಳೇದೇ, ಆದರೆ ನನ್ನ ಕೆಲಸಕ್ಕೆ ಗಟ್ಟಿಮುಟ್ಟಾಗಿತ್ತು. ಮೂರು ವರ್ಷ ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಇದ್ದ ಒಂದೇ ಕಿರಿಕಿರಿ ಫ್ಯಾನ್ ಸದ್ದು. ಸುಮ್ನೆ ಬ್ರೌಸರ್ ತೆರೆದರೂ ಹಿಟ್ಟಿನ ಗಿರಣಿ ಶುರುವಾದ ಹಾಗೆ ಗುಂಯ್ ಅನ್ನುತ್ತಿತ್ತು.

ಏಪ್ರಿಲ್ ತಿಂಗಳು. ನಮ್ಮ ಕಡೆ ಬಿಸಿಲು ಗೊತ್ತಲ್ಲ, ರೂಮಿನೊಳಗೇ 34 ಡಿಗ್ರಿ. ಆ ಸದ್ದು ಕೇಳಿ ಕೇಳಿ ತಲೆ ಕೆಟ್ಟು, ಪೆನ್‌ಡ್ರೈವ್‌ನಲ್ಲಿ ಎಷ್ಟೋ ವರ್ಷದಿಂದ ಬಿದ್ದಿದ್ದ ಟೆಂಪರೇಚರ್ ನೋಡುವ ಸಾಫ್ಟ್‌ವೇರ್ ಒಂದನ್ನು ಹಾಕಿದೆ. ಏನೂ ಕೆಲಸ ಮಾಡದೆ ಕೂತಿದ್ದ ಮಷಿನ್ 64 ಡಿಗ್ರಿ ತೋರಿಸಿತು. ಎದೆ ಧಸಕ್ಕೆಂದಿತು. ರೆಂಡರ್‌ಗೆ, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡುವ ಭಾರದ ಕೆಲಸಕ್ಕೆ, ಹಾಕಿ ನೋಡಿದೆ. ಐದೇ ನಿಮಿಷಕ್ಕೆ 89. ಅದರ ಕೆಳಗೆ ಆಕ್ಸ್‌ಟಿನ್ ಅಂತ ಇನ್ನೊಂದು ಸಾಲು, ಮುಂದೆ 127 ಡಿಗ್ರಿ! ನೀರು ಕುದಿಯುವುದೇ ನೂರಕ್ಕೆ. ಅಷ್ಟು ಬಿಸಿಯಿದ್ದ ಡಬ್ಬದ ಮೇಲೆ ಮೂರು ವರ್ಷದಿಂದ ಕಾಫಿ ಲೋಟ ಇಟ್ಟುಕೊಂಡು ಕೂತಿದ್ದೀನಲ್ಲ, ಒಂದು ದಿನವಾದರೂ ಸುಟ್ಟಿತಾ ಅಂತ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಸ್ಕ್ರೀನಿನ ಫೋಟೊ ತೆಗೆದುಕೊಂಡು ಮಾರನೇ ದಿನ ಮೈಸೂರಿಗೆ ಹೋದೆ. ಅಂಗಡಿಯವನು ಫೋನಿನಲ್ಲಿ ಫೋಟೊ ನೋಡಿದ. "ಪ್ರೊಸೆಸರ್ ಬೇಯ್ತಾ ಇದೆ ಸಾರ್. ಹಿಂಗೇ ಬಿಟ್ರೆ ಒಂದ್ ತಿಂಗಳೂ ಬರಲ್ಲ" ಅಂದ. ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ ಎಎಂ4 ಸಾಕೆಟ್ ತಾನೇ ಅಂತ ಕೇಳಿದ, ಹೌದು ಅಂದೆ. ಮಾಡೆಲ್ ನಂಬರ್ ಯಾವುದು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. 3,200 ರೂಪಾಯಿ ಕೊಟ್ಟು, ಪ್ರೊಸೆಸರ್ ಮೇಲೆ ಕೂರಿಸಿ ಅದನ್ನು ತಣಿಸುವ ಇಷ್ಟು ದೊಡ್ಡ ಕೂಲರ್ ತೊಡೆ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ವಾಪಸ್ ಬಂದೆ. ಅಂಗಡಿಯ ಹೆಸರು ಬೇಡ. ಅವನು ಹೆದರಿಸಿದ, ನಾನು ಹೆದರಿದೆ. ಅರ್ಧ ತಪ್ಪು ನನ್ನದೇ.

ಅವತ್ತು ರಾತ್ರಿ ಊಟ ಮುಗಿಸಿ ಕೂತೆ. ಮಷಿನ್ ಬೆಳಿಗ್ಗೆಯಿಂದ ಆಫ್ ಆಗಿತ್ತು, ತಣ್ಣಗಿತ್ತು. ಹಳೇ ಕೂಲರ್‌ನ ಕ್ಲಿಪ್ ಬಿಚ್ಚಿ ಮೇಲಕ್ಕೆ ಎಳೆದೆ. ಬರಲಿಲ್ಲ. ಎರಡೂ ಕೈ ಹಾಕಿ ಜೋರಾಗಿ ಎಳೆದೆ. ಟಪ್ ಅಂತ ಬಂತು. ತಿರುಗಿಸಿ ನೋಡಿದರೆ ಕೂಲರ್ ಅಡಿಯಲ್ಲಿ ಪ್ರೊಸೆಸರೂ ಅಂಟಿಕೊಂಡು ಬಂದಿದೆ! ಸಾಕೆಟ್‌ನ ಲಿವರ್ ಹಾಕಿದ ಹಾಗೇ ಇದೆ.

ಇದು ಎಎಂ4 ಸಾಕೆಟ್‌ನವರಿಗೆ ಆಗುವ ಅನಾಹುತ. ಈ ಪ್ರೊಸೆಸರ್‌ನ ಅಡಿಯಲ್ಲಿ ಕೂದಲಿನಂಥ 1,331 ಪಿನ್ ಇರುತ್ತವೆ. ಲಿವರ್ ಆ ಪಿನ್‌ಗಳನ್ನು ಬದಿಯಿಂದ ಒತ್ತಿ ಹಿಡಿಯುತ್ತದೆ ಅಷ್ಟೇ. ಇಂಟೆಲ್ ಬೋರ್ಡುಗಳಲ್ಲಿರುವ ಹಾಗೆ ಪ್ರೊಸೆಸರ್ ಮೇಲೆ ಲೋಹದ ಚೌಕಟ್ಟು ಇರುವುದಿಲ್ಲ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಬಿಸಿ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ವರ್ಷಗಟ್ಟಲೆ ಆರಿ ಮೈದಾ ಅಂಟಿನ ಹಾಗೆ ಕಚ್ಚಿಕೊಂಡಿರುತ್ತದೆ. ತಣ್ಣಗಿದ್ದಾಗ ನೆಟ್ಟಗೆ ಮೇಲಕ್ಕೆ ಎಳೆದರೆ ಪ್ರೊಸೆಸರೂ ಕಿತ್ತು ಬರುತ್ತದೆ. ಬಿಚ್ಚಲೇಬೇಕು ಅಂತಿದ್ದರೆ ಮೊದಲು ಮಷಿನ್ ಆನ್ ಮಾಡಿ ಹತ್ತು ಹದಿನೈದು ನಿಮಿಷ ಏನಾದರೂ ಭಾರದ ಕೆಲಸ ಕೊಡಿ. ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಆಫ್ ಮಾಡಿ, ವೈರ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಚಿ. ಸಡಿಲವಾದ ಮೇಲಷ್ಟೇ ಎತ್ತಿ. ಇಷ್ಟು ಗೊತ್ತಿದ್ದಿದ್ದರೆ ನನ್ನ ಚಿಪ್ ಇವತ್ತಿಗೂ ಬದುಕಿರುತ್ತಿತ್ತು.

ನಾಲ್ಕೈದು ಪಿನ್ ಬಾಗಿದ್ದವು. ಬ್ಲೇಡ್ ತುದಿಯಲ್ಲಿ ನೆಟ್ಟಗೆ ಮಾಡಲು ಹೋಗಿ ಒಂದು ಮುರಿಯಿತು. ಮೊಬೈಲ್ ರಿಪೇರಿಯವನೊಬ್ಬ ಭೂತಗನ್ನಡಿ ಹಿಡಿದು ಅರ್ಧ ದಿನ ಕಷ್ಟಪಟ್ಟ. 600 ರೂಪಾಯಿ ತೆಗೆದುಕೊಂಡ. ಮಷಿನ್ ಆನ್ ಆಗಲಿಲ್ಲ. ಕೊನೆಗೆ 6,500 ಕೊಟ್ಟು ಸೆಕೆಂಡ್ ಹ್ಯಾಂಡ್ 1700 ತಂದೆ. ಎಕ್ಸ್ ಇಲ್ಲದ, ಬರೀ 1700.

ಹೊಸ ಕೂಲರ್ ಕೂರಿಸಿ ಅದೇ ಹಳೇ ಸಾಫ್ಟ್‌ವೇರ್ ತೆರೆದೆ. 41 ಡಿಗ್ರಿ! ರೆಂಡರ್‌ಗೆ ಹಾಕಿದರೂ 63 ದಾಟಲಿಲ್ಲ. ದುಡ್ಡು ಹೋದರೂ ಕೂಲರ್ ಅಂದರೆ ಇದಪ್ಪಾ ಅಂದುಕೊಂಡೆ. ನಾಚಿಕೆಯಾಗುವ ಮಾತು ಅಂದರೆ, ಫೋಟೊಗ್ರಾಫರ್‌ಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲು 64, ಈಗ 41 ಅಂತ ಎರಡೂ ಫೋಟೊ ಹಾಕಿದೆ. ಅದನ್ನು ನೋಡಿ ಮೈಸೂರಿನ ಗೆಳೆಯರೊಬ್ಬರು, ಅವರದೂ 1700ಎಕ್ಸ್, ಅದೇ ಕೂಲರ್ ಕೊಂಡರು.

ಆ ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಎರಡು ಫೋಟೊಗಳನ್ನೂ ಹೆಮ್ಮೆಯಿಂದ ತೋರಿಸಿದೆ.

"ಮಾವ, ಹಳೇದು ಎಕ್ಸ್ ಇತ್ತಾ?"

"ಹೂಂ ಕಣೋ."

"ಇದು ಬರೀ 1700?"

"ಹೂಂ. ಯಾಕ್ಲಾ?"

"ಆ 64ರಲ್ಲಿ 20 ಕಳಿ ಮಾವ."

ಕಳೆದೆ. 44 ಬಂತು. ರೆಂಡರ್ ಆಗುವಾಗಿನ 89ರಲ್ಲಿ ಕಳೆದೆ. 69. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಅವನು ಹೇಳಿದ್ದು ಇಷ್ಟು. ಎಎಂಡಿಯ ಈ ಚಿಪ್‌ಗಳು ಹೊರಗೆ ಕೊಡುವ ಅಂಕಿಗೆ ಟಿಸಿಟಿಎಲ್ ಅಂತ ಹೆಸರು. ಅದು ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕು ಅಂತ ಹೇಳುವುದಕ್ಕೆ ಇರುವ ಅಂಕಿ. ಚಿಪ್‌ನ ನಿಜವಾದ ಬಿಸಿಗೆ ಟಿಡೈ ಅನ್ನುತ್ತಾರೆ. ಬೇರೆ ಬೇರೆ ಮಾಡೆಲ್‌ಗೂ ಫ್ಯಾನ್ ಲೆಕ್ಕ ಒಂದೇ ಇರಲಿ ಅಂತ ಕಂಪನಿಯವರು ಕೆಲವು ಮಾಡೆಲ್‌ಗಳಲ್ಲಿ ನಿಜವಾದ ಬಿಸಿಗೆ ಒಂದಿಷ್ಟು ಸೇರಿಸಿ ಕಳಿಸುತ್ತಾರೆ. 1700ಎಕ್ಸ್, 1800ಎಕ್ಸ್‌ಗೆ 20. 2700ಎಕ್ಸ್‌ಗೆ 10. ಎಎಂಡಿಯದೇ ದೊಡ್ಡ ಚಿಪ್‌ಗಳಾದ ಥ್ರೆಡ್‌ರಿಪ್ಪರ್ 1950ಎಕ್ಸ್, 1920ಎಕ್ಸ್‌ಗೆ 27. ಬರೀ 1700ಕ್ಕೆ ಸೊನ್ನೆ. ಹೀಗೆ ಸೇರಿಸುವುದು ಗುಟ್ಟೇನಲ್ಲ, 2017ರಲ್ಲೇ ಎಎಂಡಿ ಹೇಳಿತ್ತು. ಹೊಸ ಸಾಫ್ಟ್‌ವೇರ್‌ಗಳಿಗೆ ಇದು ಗೊತ್ತು. ನನ್ನ ಪೆನ್‌ಡ್ರೈವ್‌ನಲ್ಲಿದ್ದ ಹಳೇ ವರ್ಷನ್‌ಗೆ ಗೊತ್ತಿರಲಿಲ್ಲ.

ಮಂಡ್ಯದವನಿಗೆ ಇದು ಅರ್ಥವಾಗದೆ ಇರುತ್ತದಾ? ಸಕ್ಕರೆ ಫ್ಯಾಕ್ಟರಿಯಲ್ಲಿ ಕಬ್ಬನ್ನು ಗಾಡಿ ಸಮೇತ ತೂಗುತ್ತಾರೆ. ಆಮೇಲೆ ಗಾಡಿ ತೂಕ ಕಳೆಯುತ್ತಾರೆ. ನಾನು ಗಾಡಿ ತೂಕ ಕಳೆಯದೇ ಕಬ್ಬು ಇಷ್ಟೊಂದಾ ಅಂತ ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ತಕ್ಷಣ ಆ ಗೆಳೆಯರಿಗೆ ಫೋನ್ ಮಾಡಿದೆ. "ಅಣ್ಣ, ಕೂಲರ್ ಬಿಚ್ಚಿಬಿಟ್ರಾ?" ಪುಣ್ಯಕ್ಕೆ ಬಿಚ್ಚಿರಲಿಲ್ಲ. ಎಚ್‌ಡಬ್ಲ್ಯೂ ಇನ್ಫೋ ಅಂತ ಬಿಸಿ ನೋಡುವ ಸಾಫ್ಟ್‌ವೇರ್ ಇದೆ, ಅದರ ಹೊಸ ವರ್ಷನ್ ಹಾಕಿಸಿ ನೋಡಿಸಿದೆ. ಅದರಲ್ಲಿ ಎರಡು ಸಾಲು ಬೇರೆ ಬೇರೆಯಾಗಿಯೇ ಬರುತ್ತವೆ. ಟಿಸಿಟಿಎಲ್ 66, ಟಿಡೈ 46. ಅವರು ಕೂಲರ್ ವಾಪಸ್ ಕೊಟ್ಟರು. ನನ್ನದನ್ನು ಯಾರು ವಾಪಸ್ ತೆಗೆದುಕೊಳ್ಳುತ್ತಾರೆ?

ಫ್ಯಾನ್ ಗುಂಯ್ ಅನ್ನುತ್ತಿದ್ದದ್ದಕ್ಕೂ ಇದೇ ಕಾರಣ ಇದ್ದಿರಬೇಕು. ಫ್ಯಾನ್ ಆ 20 ಸೇರಿಸಿದ ಅಂಕಿಯನ್ನು ನೋಡಿಕೊಂಡು ತಿರುಗುತ್ತಿತ್ತು. ಬಯೋಸ್‌ಗೆ, ಅಂದರೆ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟಕ್ಕೆ, ಹೋಗಿ ಫ್ಯಾನ್ ಯಾವ ಡಿಗ್ರಿಗೆ ಎಷ್ಟು ತಿರುಗಬೇಕು ಅಂತ ಸ್ವಲ್ಪ ಬದಲಾಯಿಸಿದ್ದರೆ ಮುಗಿಯುತ್ತಿತ್ತು. ಐದು ನಿಮಿಷದ ಕೆಲಸ. ಒಂದು ಪೈಸೆ ಖರ್ಚಿಲ್ಲ.

ಇನ್ನು ಆ 127. ಅದೊಂದು ತಮಾಷೆ. ಮದರ್‌ಬೋರ್ಡ್‌ನಲ್ಲಿ ಬಿಸಿ, ವೋಲ್ಟೇಜ್, ಫ್ಯಾನ್ ವೇಗ ನೋಡಿಕೊಳ್ಳುವ ಒಂದು ಸಣ್ಣ ಚಿಪ್ ಇರುತ್ತದೆ. ಅದಕ್ಕೆ ಹಲವು ಸೆನ್ಸರ್ ಸೇರಿಸಲು ಜಾಗ ಇರುತ್ತದೆ. ಬೋರ್ಡ್ ಮಾಡಿದವರು ಕೆಲವಕ್ಕೆ ಏನನ್ನೂ ಸೇರಿಸಿರುವುದಿಲ್ಲ. ಸಾಫ್ಟ್‌ವೇರ್ ಆ ಖಾಲಿ ಜಾಗವನ್ನೂ ಓದಿ 127 ಅಂತಲೋ, ಸೊನ್ನೆಗಿಂತ ಕೆಳಗಿನ ಅಂಕಿಯನ್ನೋ ತೋರಿಸುತ್ತದೆ. ತಿಂಗಳುಗಟ್ಟಲೆ ಒಂದು ಡಿಗ್ರಿಯೂ ಕದಲದೆ ನಿಂತಿರುವ ಅಂಕಿ ಕಂಡರೆ ನಕ್ಕು ಮುಂದೆ ಹೋಗಿ.

ನಮ್ಮದು ಇಂಟೆಲ್, ನಮಗೇನು ಅನ್ನಬೇಡಿ. ಅಲ್ಲಿನ ಲೆಕ್ಕವೂ ನೇರ ಇಲ್ಲ. ಕೆಆರ್‌ಎಸ್ ನೀರಿನ ಮಟ್ಟ ಗೊತ್ತಲ್ಲ, 124.80 ಅಡಿಗೆ ಭರ್ತಿ. ತುಂಬಲು ಇನ್ನು ಹತ್ತು ಅಡಿ ಬಾಕಿ ಅಂತ ಯಾರಾದರೂ ಹೇಳಿದರೆ ನೀವು ಮನಸ್ಸಿನಲ್ಲೇ ಕಳೆದು 114.80 ಅನ್ನುತ್ತೀರಿ. ಇಂಟೆಲ್ ಕೋರ್ ಚಿಪ್‌ನ ಸೆನ್ಸರ್ ಕೂಡ ಮಾಡುವುದು ಅಷ್ಟೇ. ಮಿತಿ ಮುಟ್ಟಲು ಇನ್ನು ಎಷ್ಟು ಡಿಗ್ರಿ ಬಾಕಿ ಅಂತ ಹೇಳುತ್ತದೆ. ಆ ಮಿತಿಗೆ ಟಿಜೆ ಮ್ಯಾಕ್ಸ್ ಅನ್ನುತ್ತಾರೆ, ಬಹಳಷ್ಟು ಮಾಡೆಲ್‌ಗಳಲ್ಲಿ 100 ಡಿಗ್ರಿ. ಸಾಫ್ಟ್‌ವೇರ್ ಅದರಿಂದ ಕಳೆದು ನಿಮಗೆ ತೋರಿಸುತ್ತದೆ. ಮಿತಿಯನ್ನೇ ತಪ್ಪು ಹಿಡಿದರೆ ಉತ್ತರವೂ ಅಷ್ಟೇ ತಪ್ಪು. ಇಂಟೆಲ್‌ನ ಹಳೇ ಕೋರ್ 2 ಕಾಲದ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಆ ಮಿತಿಯನ್ನು ಚಿಪ್‌ನಿಂದ ಓದಲು ಆಗುತ್ತಿರಲಿಲ್ಲ. ಸಾಫ್ಟ್‌ವೇರ್ ಬರೆದವರು ಅಂದಾಜು ಹಾಕುತ್ತಿದ್ದರು. ಹಾಗಾಗಿ ಹಳೇ ಮಷಿನ್‌ನಲ್ಲಿ ಎರಡು ಸಾಫ್ಟ್‌ವೇರ್ ಎರಡು ಅಂಕಿ ಹೇಳಿದರೆ ಆಶ್ಚರ್ಯ ಬೇಡ. ಇನ್ನೊಂದು ವಿಷಯ, ಈ ಸೆನ್ಸರ್ ಮಿತಿಯ ಹತ್ತಿರ ಸರಿಯಾಗಿ ಹೇಳುತ್ತದೆ. ಚಿಪ್ ತಣ್ಣಗಿದ್ದಾಗ ನಾಲ್ಕಾರು ಡಿಗ್ರಿ ಆಚೆ ಈಚೆ ಆಗುವುದು ಮಾಮೂಲಿ.

ತಪ್ಪು ಯಾವಾಗಲೂ ಜಾಸ್ತಿ ಕಡೆಗೇ ಇರಬೇಕು ಅಂತಿಲ್ಲ. ಪರಿಚಯದ ಸ್ಟುಡಿಯೊ ಒಂದರಲ್ಲಿ ಎಎಂಡಿಯ ಹಳೇ ಎಫ್ಎಕ್ಸ್ ಮಷಿನ್ ಇದೆ. ಮೇ ತಿಂಗಳ ಮಧ್ಯಾಹ್ನ ಅದು 19 ಡಿಗ್ರಿ ತೋರಿಸುತ್ತಿತ್ತು. ಅವರು "ನಮ್ಮದು ಐಸ್ ಇದ್ದ ಹಾಗೆ ಇದೆ ಕಣಣ್ಣ" ಅಂತ ಜಂಬ ಕೊಚ್ಚುತ್ತಿದ್ದರು. ರೂಮಿನ ಗಾಳಿಯೇ 35 ಇದ್ದಾಗ, ಅದೇ ಗಾಳಿ ಊದಿ ತಣಿಸುವ ಚಿಪ್ 19 ಆಗಲು ಸಾಧ್ಯವೇ ಇಲ್ಲ ಅಲ್ವಾ? ಆ ಚಿಪ್‌ಗಳ ಅಂಕಿ ಮಿತಿಯ ಹತ್ತಿರ ಬಂದಾಗ ಮಾತ್ರ ಲೆಕ್ಕಕ್ಕೆ. ಕೆಳಗಿದ್ದಾಗ ಅದು ಡಿಗ್ರಿಯೇ ಅಲ್ಲ. ಆ ಸ್ಟುಡಿಯೊದವರ ಕೂಲರ್‌ನಲ್ಲಿ ಕಂಬಳಿಯಷ್ಟು ಧೂಳು ಕೂತಿತ್ತು.

ಹಾಗಂತ ಬಿಸಿಯೆಲ್ಲ ಸುಳ್ಳು ಅಂತಲೂ ನಾನು ಹೇಳುತ್ತಿಲ್ಲ. ನಿಜವಾಗಿ ಬಿಸಿ ಏರಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದನ್ನು ನೋಡಲು ಡಿಗ್ರಿಯ ಪಕ್ಕದಲ್ಲಿರುವ ಗಿಗಾಹರ್ಟ್ಸ್ ಸಾಲನ್ನು ನೋಡಿ. ಭಾರದ ಕೆಲಸ ನಡೆಯುವಾಗ ಅದು ಪ್ರೊಸೆಸರ್‌ನ ಡಬ್ಬದ ಮೇಲೆ ಬರೆದ ಬೇಸ್ ವೇಗಕ್ಕಿಂತ, ಅಂದರೆ ಕಂಪನಿ ಹೇಳುವ ಮೂಲ ವೇಗಕ್ಕಿಂತ, ಕೆಳಗೆ ಬೀಳುತ್ತಿದ್ದರೆ, ಅಥವಾ ಮಷಿನ್ ಇದ್ದಕ್ಕಿದ್ದಂತೆ ಆಫ್ ಆಗುತ್ತಿದ್ದರೆ, ಆಗ ಚಿಂತೆ ಮಾಡಿ. 1700ಎಕ್ಸ್‌ನ ಬೇಸ್ 3.4. ನನ್ನ ಆ ಫೋಟೊದಲ್ಲಿ 89 ಡಿಗ್ರಿಯ ಪಕ್ಕದಲ್ಲೇ 3.5 ಅಂತ ಇತ್ತು. ಚಿಪ್ ಒಂದು ಚೂರೂ ಸುಸ್ತಾಗಿರಲಿಲ್ಲ. ಅದು ಕಣ್ಣಿಗೆ ಬೀಳಲೇ ಇಲ್ಲ. ನಾನು ಡಿಗ್ರಿಯನ್ನಷ್ಟೇ ನೋಡಿದೆ, ಅಂಗಡಿಯವನೂ ಡಿಗ್ರಿಯನ್ನಷ್ಟೇ ನೋಡಿದ.

ಎಷ್ಟು ಜಾಸ್ತಿ ಅನ್ನುವುದೂ ಮಾಡೆಲ್ ಮೇಲೆ ಹೋಗುತ್ತದೆ. ರೈಜನ್ 7000 ಸರಣಿಯ ದೊಡ್ಡ ಚಿಪ್‌ಗಳು ಪೂರ್ತಿ ಕೆಲಸದಲ್ಲಿ 95ರವರೆಗೆ ಹೋಗುವ ಹಾಗೆಯೇ ಮಾಡಿರುವಂಥವು. ಅದು ಕೆಟ್ಟಿರುವ ಲಕ್ಷಣ ಅಲ್ಲ. ನಿಮ್ಮ ಮಾಡೆಲ್‌ನ ಮಿತಿ ಕಂಪನಿಯವರ ಪುಟದಲ್ಲೇ ಇರುತ್ತದೆ. ಅದನ್ನು ನೋಡಿ, ಪಕ್ಕದ ಮನೆಯವರ ಮಷಿನ್ ನೋಡಬೇಡಿ. ರೈಜನ್‌ನಲ್ಲಿ ಒಂದು ಪ್ರೋಗ್ರಾಂ ತೆರೆದ ಕೂಡಲೇ ಹತ್ತು ಡಿಗ್ರಿ ಹಾರಿ ಮತ್ತೆ ಇಳಿಯುತ್ತದೆ. ಅದಕ್ಕೂ ಗಾಬರಿ ಬೇಡ. ಫೋಟೊ ತೋರಿಸಿದ ಮಾತ್ರಕ್ಕೆ ಸಾಮಾನು ಮಾರುವ ಅಂಗಡಿಯಲ್ಲಿ ಮಾತ್ರ ದಯವಿಟ್ಟು ನಿಲ್ಲಬೇಡಿ. ಮೊದಲು ಬ್ಲೋವರ್ ಹಿಡಿದು ಧೂಳು ಹಾರಿಸಿ, ಸಾಫ್ಟ್‌ವೇರ್ ಹೊಸದು ಹಾಕಿ, ಆಮೇಲೆ ಉಳಿದದ್ದು.

ಈಗಿನ 1700ರ ಬೇಸ್ ವೇಗ 3.0. ಮೊದಲು ಒಂದು ಗಂಟೆಗೆ ಮುಗಿಯುತ್ತಿದ್ದ ರೆಂಡರ್ ಈಗ ಐದಾರು ನಿಮಿಷ ಜಾಸ್ತಿ ಹಿಡಿಯುತ್ತದೆ. ದುಡ್ಡು ಕೊಟ್ಟು ನಿಧಾನವಾದ ಮಷಿನ್ ಮಾಡಿಕೊಂಡವನು ಇಡೀ ಮಂಡ್ಯದಲ್ಲಿ ನಾನೊಬ್ಬನೇ ಇರಬೇಕು. ಹಳೇ ಕೂಲರ್ ಇನ್ನೂ ಅಟ್ಟದ ಮೇಲಿದೆ. ಏನೂ ಆಗಿಲ್ಲ ಅದಕ್ಕೆ, ಫ್ಯಾನ್ ಚೆನ್ನಾಗಿ ತಿರುಗುತ್ತದೆ. ಎಎಂ4 ಇರುವವರಿಗೆ ಬೇಕಿದ್ದರೆ ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ಅಡಿಯಲ್ಲಿ ಆರಿದ ಪೇಸ್ಟ್ ಇದೆ, ಅದನ್ನು ನೀವೇ ಒರೆಸಿಕೊಳ್ಳಬೇಕು.