ಕಾದಂಬರಿ ಪ್ರಚಾರದ ಪ್ಯಾಕೇಜ್ ಕೊಳ್ಳುವ ಮೊದಲು ಇದನ್ನು ಓದಿ

ಸ್ವಂತ ದುಡ್ಡು ಹಾಕಿ ಪುಸ್ತಕ ಮಾಡಿಸಿದವರಿಗೆ, ಅದರಲ್ಲೂ ಸಸ್ಪೆನ್ಸ್, ಥ್ರಿಲ್ಲರ್ ಬರೆಯುವವರಿಗೆ ಈಗ ಒಂದೇ ಥರದ ಮೆಸೇಜ್‌ಗಳು ಬರುತ್ತಿವೆ. ‘ನಿಮ್ಮ ಕಾದಂಬರಿ ಓದಿದೆವು, ಇದಕ್ಕೆ ಸಿಗಬೇಕಾದಷ್ಟು ಓದುಗರು ಸಿಕ್ಕಿಲ್ಲ, ನಾವು ತಲುಪಿಸುತ್ತೇವೆ’ ಅಂತ. ನನಗೂ ಬಂತು, ನಾನೂ ದುಡ್ಡು ಕೊಟ್ಟೆ. ಆಮೇಲೆ ಏನೇನಾಯಿತು ಅಂತ ಬಿಡಿಸಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುತ್ತಿಲ್ಲ, ದೂರು ಇನ್ನೂ ನಡೆಯುತ್ತಿದೆ. ಹಾಕಿದ್ದರೂ ಜಾಸ್ತಿ ಉಪಯೋಗ ಇರುತ್ತಿರಲಿಲ್ಲ. ಇಂಥವರು ಬೋರ್ಡು ಬದಲಿಸುತ್ತಾರೆ, ಹೇಳುವ ಮಾತು ಮಾತ್ರ ಅದೇ ಇರುತ್ತದೆ.

ಪುಸ್ತಕದ ಬಗ್ಗೆ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಕಥೆಗಳಲ್ಲಿ ಪೊಲೀಸರೂ ಇಲ್ಲ, ಪತ್ತೇದಾರರೂ ಇಲ್ಲ. ದಿನಾ ನಮ್ಮ ಪಕ್ಕದಲ್ಲೇ ಓಡಾಡುವ, ತಲೆ ತುಂಬ ತಾಪತ್ರಯ ಇರುವ ಜನ ಇರುತ್ತಾರೆ. ಈ ಕಾದಂಬರಿಯಲ್ಲಿ ಒಬ್ಬಳು ಕಂಡಕ್ಟರ್. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹೋಗುವ ರಾತ್ರಿ ಬಸ್ಸು. ಗಂಡನ ಆಸ್ಪತ್ರೆ ಖರ್ಚಿಗೆ ಮಾಡಿದ ಕೈಸಾಲ ತೀರಿಲ್ಲ. ಕ್ಯಾಶ್ ಕಡಿಮೆ ಬಂತು ಅಂತ ಡಿಪೋದಲ್ಲಿ ಮೆಮೊ ಕೊಟ್ಟಿದ್ದಾರೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಕೊನೆ ಸೀಟಿನ ಕೆಳಗೆ ಅವಳಿಗೆ ಒಂದು ಬ್ಯಾಗ್ ಕಾಣುತ್ತದೆ. ಇಷ್ಟು ಸಾಕು, ಮುಂದಿನದು ಹೇಳಿದರೆ ಪುಸ್ತಕ ಯಾಕೆ ಕೊಳ್ಳುತ್ತೀರಿ!

ಇಂಥದ್ದನ್ನು ಓದುವವರು ಕನ್ನಡದಲ್ಲಿ ಮೊದಲಿಂದಲೂ ಇದ್ದಾರೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪಾಕೆಟ್ ಕಾದಂಬರಿ ಕೊಂಡು, ಇಳಿಯುವ ಊರು ಬರುವುದರೊಳಗೆ ಮುಗಿಸುತ್ತಿದ್ದ ಜನ. ಈಗ ಆ ಅಂಗಡಿಗಳಲ್ಲಿ ಚಿಪ್ಸ್ ಪ್ಯಾಕೆಟ್ ನೇತಾಡುತ್ತದೆ. ಓದುಗರು ಇದ್ದಾರೆ, ಅವರನ್ನು ಮುಟ್ಟುವ ದಾರಿ ಗೊತ್ತಿಲ್ಲ. ಪ್ಯಾಕೇಜ್ ಮಾರುವವರು ಹಿಡಿಯುವುದು ಇದೇ ಎಳೆಯನ್ನು.

ಅವರ ಮೊದಲ ಮೇಲ್ ಎರಡು ಪುಟ ಇತ್ತು. ಕೈಸಾಲ, ಮೆಮೊ, ಘಟ್ಟ, ಬ್ಯಾಗ್, ಎಲ್ಲವನ್ನೂ ಹೊಗಳಿದ್ದರು. ‘ಆತನ ಒಂಟಿತನ ನಮ್ಮನ್ನು ಕಾಡಿತು’ ಅಂತಲೂ ಬರೆದಿದ್ದರು. ಆತನ! ಕಂಡಕ್ಟರ್ ಹೆಂಗಸು ಅನ್ನುವುದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಬೆನ್ನುಡಿಯಲ್ಲಿ ಮಾತ್ರ ‘ಒಬ್ಬ ಕಂಡಕ್ಟರ್’ ಅಂತಷ್ಟೇ ಇದೆ. ಫೋನಿನಲ್ಲಿ ಕೇಳಿದೆ. ‘ಸಾರಿ ಸರ್, ಟೈಪಿಂಗ್ ಮಿಸ್ಟೇಕ್’ ಅಂದರು. ಹೊಗಳಿದ್ದೆಲ್ಲ ಬೆನ್ನುಡಿಯಲ್ಲಿ ಇದ್ದಿದ್ದೇ, ಅದೂ ಅದೇ ಕ್ರಮದಲ್ಲಿ. ಬೆನ್ನುಡಿಯನ್ನು ಎಐಗೆ ಕೊಟ್ಟು ‘ಇದನ್ನು ಹೊಗಳಿ ಬರೆ’ ಅಂದರೆ ಇಂಥ ಮೇಲ್ ಒಂದು ನಿಮಿಷದಲ್ಲಿ ತಯಾರು. ಇಂಗ್ಲಿಷ್‌ನಲ್ಲಿ ತಾವೇ ಪ್ರಕಟಿಸಿಕೊಳ್ಳುವ ಲೇಖಕರಿಗೆ ‘ನಮ್ಮ ಬುಕ್ ಕ್ಲಬ್ಬಿನಲ್ಲಿ ನಿಮ್ಮ ಪುಸ್ತಕ ಚರ್ಚೆ ಮಾಡುತ್ತೇವೆ, ಜಾಗ ಕಾದಿರಿಸಲು ಇಷ್ಟು ಫೀಸ್’ ಅಂತ ಇದೇ ಥರದ ಮೇಲ್‌ಗಳು 2025ರಲ್ಲಿ ರಾಶಿ ರಾಶಿ ಹೋಗಿವೆ. ಈಗ ಕನ್ನಡದಲ್ಲೂ ಬರುತ್ತಿವೆ. ಪರೀಕ್ಷೆ ಮಾಡುವುದು ಸುಲಭ. ನಡುವಿನ ಯಾವುದಾದರೂ ಅಧ್ಯಾಯದಲ್ಲಿ ಏನಾಗುತ್ತದೆ ಅಂತ ಫೋನಿನಲ್ಲೇ ಕೇಳಿ, ಮೇಲ್‌ನಲ್ಲಿ ಬೇಡ.

ಪ್ಯಾಕೇಜ್ 38,500 ರೂಪಾಯಿ. ಅದರಲ್ಲಿ ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ ಅಂತಲೇ 2,500. ಹೊಸಬರು ಇದನ್ನು ತಿಳಿದಿರಿ: ನಮ್ಮ ದೇಶದಲ್ಲಿ ಐಎಸ್‌ಬಿಎನ್ ಪುಕ್ಕಟೆ. ಕೇಂದ್ರ ಶಿಕ್ಷಣ ಇಲಾಖೆಯ ಕೆಳಗಿರುವ ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಸಂಸ್ಥೆ ಕೊಡುತ್ತದೆ. ಲೇಖಕರೇ ತಮ್ಮ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಬಹುದು. ಅರ್ಜಿ ತುಂಬಿಕೊಟ್ಟ ಕೂಲಿ ಅಂತ ಯಾರಾದರೂ ಐನೂರು ಕೇಳಿದರೆ ಅದು ಬೇರೆ ಮಾತು. ಸಂಖ್ಯೆಗೇ ಬೆಲೆ ಕಟ್ಟಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು ಸಾಲು ‘ಕಿಂಡಲ್‌ನಲ್ಲಿ ಕನ್ನಡ ಇ-ಬುಕ್’. 2016ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಇ-ಬುಕ್ ವೇದಿಕೆಯಾದ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಆ ಸಿಟ್ಟು ನಮಗೆಲ್ಲ ಇದೆ, ಅದಕ್ಕೇ ಯಾರಾದರೂ ‘ನಮ್ಮ ಹತ್ತಿರ ಒಳದಾರಿ ಇದೆ’ ಅಂದರೆ ಕಿವಿ ನೆಟ್ಟಗಾಗುತ್ತದೆ. ಇವರ ಒಳದಾರಿ ಏನು ಗೊತ್ತಾ? ಪುಟಗಳ ಫೋಟೊ ತೆಗೆದು, ಬೇರೆ ಭಾಷೆಯ ಪುಸ್ತಕ ಅಂತ ತೋರಿಸಿ ಏರಿಸಿದ್ದರು. ಅಕ್ಷರ ದೊಡ್ಡದು ಮಾಡಲು ಆಗುವುದಿಲ್ಲ, ಹುಡುಕಲು ಆಗುವುದಿಲ್ಲ. ಸ್ವಲ್ಪ ದಿನಕ್ಕೆ ಅದು ಅಲ್ಲಿಂದ ಮಾಯವಾಯಿತು. ಮೈಲ್ಯಾಂಗ್‌ನಂಥ ಕನ್ನಡದ್ದೇ ಇ-ಬುಕ್ ಆ್ಯಪ್ ಇರುವಾಗ ಈ ಕಸರತ್ತು ಯಾಕೆ ಬೇಕಿತ್ತು ಅಂತ ಕೇಳಿದರೆ, ‘ಅದರಲ್ಲಿ ಬೆಸ್ಟ್‌ಸೆಲ್ಲರ್ ಟ್ಯಾಗ್ ಬರಲ್ಲ ಸರ್’ ಅಂದರು.

ಟ್ಯಾಗ್ ಬಂತು, ಇಲ್ಲ ಅನ್ನುವ ಹಾಗಿಲ್ಲ. ಅಚ್ಚು ಪುಸ್ತಕವನ್ನು ಆನ್‌ಲೈನ್ ಅಂಗಡಿಯಲ್ಲಿ ಅವರೇ ಪಟ್ಟಿ ಮಾಡಿದ್ದರು. ಒಂದು ಸಂಜೆ ನನ್ನ ಬಂಧುಬಳಗಕ್ಕೆಲ್ಲ ‘ಏಳರಿಂದ ಎಂಟರೊಳಗೆ ಆರ್ಡರ್ ಮಾಡಿ’ ಅಂತ ನನ್ನಿಂದಲೇ ಹೇಳಿಸಿದರು. ಎಂಟೂವರೆಗೆ ಸ್ಕ್ರೀನ್‌ಶಾಟ್ ಬಂತು, ಕಿತ್ತಳೆ ಪಟ್ಟಿ, ನಂಬರ್ ಒನ್. ಜೂಮ್ ಮಾಡಿ ನೋಡಿದರೆ ವಿಭಾಗ ‘ಪ್ರವಾಸ’. ಮುಖಪುಟದಲ್ಲಿ ಬಸ್ಸು ಇತ್ತಲ್ಲ! ಇಂಥ ಬೆಸ್ಟ್‌ಸೆಲ್ಲರ್ ಪಟ್ಟಿಗಳು ಪದೇಪದೇ ಬದಲಾಗುತ್ತವೆ. ಯಾರೂ ಹಣಕದ ಸಣ್ಣ ವಿಭಾಗದಲ್ಲಿ ಬೆರಳೆಣಿಕೆಯ ಆರ್ಡರ್ ಬಂದರೂ ಮೇಲೆ ಹೋಗಬಹುದು. ಮರುದಿನ ಬೆಳಿಗ್ಗೆ ಪುಸ್ತಕ ಎಲ್ಲೂ ಇರಲಿಲ್ಲ. ಕೊಂಡವರೆಲ್ಲ ನನ್ನ ಅತ್ತೆ ಮಕ್ಕಳು, ಮಾವನ ಮಕ್ಕಳು. ಹೊಸ ಓದುಗ ಒಬ್ಬನೂ ಇಲ್ಲ.

ನನಗೆ ನಿಜವಾಗಿ ಹೊಟ್ಟೆ ಉರಿದಿದ್ದು ರಿವ್ಯೂ ವಿಷಯಕ್ಕೆ. ಪ್ಯಾಕೇಜಿನಲ್ಲಿ ‘ಓದುಗರ ಪ್ರತಿಕ್ರಿಯೆ’ ಅಂತ ಇತ್ತು. ಪುಸ್ತಕ ಕಳಿಸಿ ಓದಿಸುತ್ತಾರೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಒಂದೇ ವಾರದಲ್ಲಿ ಐದು ನಕ್ಷತ್ರದ ರಿವ್ಯೂಗಳು ಸಾಲಾಗಿ ಬಂದವು. ಮುಕ್ಕಾಲು ಪಾಲು ‘ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ’ ಅಂತಲೇ ಶುರು. ಒಬ್ಬರು ‘ಇನ್‌ಸ್ಪೆಕ್ಟರ್ ಪಾತ್ರ ಅದ್ಭುತ’ ಅಂತ ಬರೆದಿದ್ದರು. ಇನ್‌ಸ್ಪೆಕ್ಟರ್ ಇಲ್ಲವೇ ಇಲ್ಲ! ಇನ್ನೊಬ್ಬರಿಗೆ ‘ಮಕ್ಕಳಿಗೂ ಓದಿ ಹೇಳಬಹುದಾದ ನೀತಿಕಥೆ’ಯಾಗಿ ಕಂಡಿತ್ತು. ಪುಸ್ತಕದಲ್ಲಿ ಎರಡು ಕೊಲೆ ಇದೆ.

ಆಮೇಲೆ ಆನ್‌ಲೈನ್ ಅಂಗಡಿಯವರೇ ಎಲ್ಲವನ್ನೂ ಅಳಿಸಿ ಹಾಕಿದರು. ಕಾಸು ಕೊಟ್ಟು ಬರೆಸಿದ ರಿವ್ಯೂಗೆ ಅಲ್ಲಿ ಅವಕಾಶ ಇಲ್ಲ, ಅದು ಸರಿಯೇ. ಆದರೆ ಸುಳ್ಳಿನ ಜೊತೆ ನಿಜವಾದವೂ ಹೋದವು. ಹಾವೇರಿ ಕಡೆಯ ಒಬ್ಬ ಕಂಡಕ್ಟರ್ ಬರೆದಿದ್ದ ನಾಲ್ಕು ಸಾಲು ಅದರಲ್ಲಿತ್ತು. ಟಿಕೆಟ್ ಮಷಿನ್ನಿನ ಲೆಕ್ಕಕ್ಕೂ ಕೈಯಲ್ಲಿರುವ ದುಡ್ಡಿಗೂ ತಾಳೆ ಆಗದಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ಸರಿಯಾಗಿ ಬರೆದಿದ್ದೀರಿ, ಆದರೆ ರಾತ್ರಿ ಬಸ್ಸಿನಲ್ಲಿ ಕಂಡಕ್ಟರ್ ಅಷ್ಟು ಹೊತ್ತು ಕೂತಿರುವುದಿಲ್ಲ ಅಂತ ತಪ್ಪನ್ನೂ ತೋರಿಸಿ, ಮೂರು ನಕ್ಷತ್ರ ಕೊಟ್ಟಿದ್ದರು. 38,500 ವಾಪಸ್ ಬಂದರೂ ಆ ಮೂರು ನಕ್ಷತ್ರ ಬರುವುದಿಲ್ಲ. ಅಂದ ಹಾಗೆ, ಆನ್‌ಲೈನ್ ರಿವ್ಯೂಗಳು ಹೇಗಿರಬೇಕು ಅಂತ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) 2022ರ ನವೆಂಬರ್‌ನಲ್ಲೇ ಐಎಸ್ 19000 ಅನ್ನುವ ಮಾನದಂಡ ತಂದಿದೆ. ದುಡ್ಡು ಕೊಟ್ಟು ಬರೆಸಿದ ರಿವ್ಯೂ ಬೇಡ ಅಂತ ಅದರಲ್ಲೂ ಇದೆ. ‘ಎಲ್ಲರೂ ಮಾಡುತ್ತಾರೆ ಸರ್’ ಅಂದವರಿಗೆ ಇದನ್ನು ತೋರಿಸಿ.

ಸಾಹಿತ್ಯ ಸಮ್ಮೇಳನದಲ್ಲಿ ಮಳಿಗೆ ಅಂತಲೂ ಒಂದು ಸಾಲಿತ್ತು. 2024ರ ಡಿಸೆಂಬರ್‌ನಲ್ಲಿ ಮಂಡ್ಯದ 87ನೇ ಸಮ್ಮೇಳನಕ್ಕೆ ನಾನೇ ಹೋದೆ. ಮಳಿಗೆ ಇತ್ತು. ಮೇಜಿನ ಮೇಲೆ ಅಡುಗೆ ಪುಸ್ತಕ, ಜ್ಯೋತಿಷ್ಯ, ವ್ಯಕ್ತಿತ್ವ ವಿಕಸನ. ನನ್ನದು ಎಲ್ಲಿ ಅಂತ ಕೇಳಿದರೆ ಕೂತಿದ್ದ ಹುಡುಗ ಮೇಜಿನ ಬಟ್ಟೆ ಎತ್ತಿ ಕೆಳಗೆ ತೋರಿಸಿದ. ಟೇಪ್ ಕೂಡ ಬಿಚ್ಚದ ಡಬ್ಬ, ಅದರ ಮೇಲೆ ಅವನ ಊಟದ ಕ್ಯಾರಿಯರ್. ಅವನದೇನೂ ತಪ್ಪಿಲ್ಲ ಬಿಡಿ, ಆ ಮೂರು ದಿನದ ಕೂಲಿಗೆ ಬಂದವನು. ನಾನೇ ಡಬ್ಬ ಒಡೆದು ಮಳಿಗೆ ಮುಂದೆ ನಿಂತು ಮಾರಿದೆ. ‘ಕಂಡಕ್ಟರ್ ಕಥೆ’ ಅಂದ ತಕ್ಷಣ ಕೈಗೆ ತೆಗೆದುಕೊಂಡು ನೋಡುತ್ತಿದ್ದರು. ಪ್ಯಾಕೇಜಿನಿಂದ ಸಿಕ್ಕಿದ ಓದುಗರು ಅಂದರೆ ಅವರೇ.

ಪ್ರಶಸ್ತಿಯ ಕಥೆ ಚುಟುಕು. ‘ವರ್ಷದ ಉದಯೋನ್ಮುಖ ಲೇಖಕ’, ನೋಂದಣಿ ಶುಲ್ಕ ಬೇರೆ, ಫಲಕದ ದುಡ್ಡು ಬೇರೆ. ಬೇಡ ಅಂದೆ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ನೆ ಇರುತ್ತಿದ್ದೆನೋ ಏನೋ. ಆಮೇಲೆ ಬಂದಿದ್ದು ಸಿನಿಮಾ. ‘ಒಬ್ಬ ದೊಡ್ಡ ನಿರ್ಮಾಪಕರು ನಿಮ್ಮ ಕಥೆ ಇಷ್ಟಪಟ್ಟಿದ್ದಾರೆ, ಒಟಿಟಿಗೆ ಸರಣಿ ಮಾಡುವ ಯೋಚನೆ, ಹೆಸರು ಈಗ ಹೇಳುವ ಹಾಗಿಲ್ಲ.’ ಪಿಚ್ ಡೆಕ್, ಅಂದರೆ ನಿರ್ಮಾಪಕರಿಗೆ ಕಥೆ ಪರಿಚಯಿಸುವ ಸ್ಲೈಡುಗಳನ್ನು ಮಾಡಲು 65,000 ರೂಪಾಯಿ. ಜೊತೆಗೆ ಇಂಗ್ಲಿಷ್‌ನಲ್ಲಿ ಉದ್ದನೆಯ ಒಪ್ಪಂದ. ಧಾರವಾಡದಲ್ಲಿ ವಕೀಲಿಕೆ ಮಾಡುವ ಗೆಳೆಯನಿಗೆ ಕಳಿಸಿದೆ. ಅವನು ದುಡ್ಡಿನ ಪುಟ ನೋಡಲೇ ಇಲ್ಲ, ಹಕ್ಕುಗಳ ಪುಟಕ್ಕೆ ಹೋದ. ಸಿನಿಮಾ, ವೆಬ್ ಸರಣಿ, ಆಡಿಯೊ, ಅನುವಾದ, ಎಲ್ಲವನ್ನೂ ಜಗತ್ತಿನಾದ್ಯಂತ, ಹಕ್ಕುಸ್ವಾಮ್ಯದ ಪೂರ್ತಿ ಅವಧಿಗೆ ಕಂಪನಿಗೆ ವಹಿಸಿಕೊಡಬೇಕು ಅಂತ ಇತ್ತು. ಪೂರ್ತಿ ಅವಧಿ ಅಂದರೆ ಎಷ್ಟು? ನಾನು ಇರುವಷ್ಟು ದಿನ, ನಾನು ಹೋದ ಮೇಲೆ ಇನ್ನೂ 60 ವರ್ಷ. ಅಂದರೆ ನನ್ನ ಕಥೆಯನ್ನು ನಾನೇ 65,000 ಕೊಟ್ಟು ಅವರ ಹೆಸರಿಗೆ ಬರೆದುಕೊಡಬೇಕು.

ಇನ್ನೊಂದು ಸಾಲು ಅದಕ್ಕಿಂತ ಜಾಣತನದ್ದು: ‘19(4)ನೇ ಕಲಮು ಈ ಒಪ್ಪಂದಕ್ಕೆ ಅನ್ವಯಿಸುವುದಿಲ್ಲ.’ ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಈ ಕಲಮು ಲೇಖಕರ ಪರವಾಗಿದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಆ ವಹಿಸಿಕೊಟ್ಟಿದ್ದು ಬಿದ್ದುಹೋಗುತ್ತದೆ, ಒಪ್ಪಂದದಲ್ಲಿ ಬೇರೆ ಥರ ಬರೆದಿರದಿದ್ದರೆ. ಅದಕ್ಕೇ ಅವರು ಬೇರೆ ಥರ ಬರೆದಿರುವುದು. ಅದೇ ಕಾಯ್ದೆಯಲ್ಲಿ ಇನ್ನೂ ಇದೆ: ಅವಧಿ ನಮೂದಿಸದಿದ್ದರೆ ಐದು ವರ್ಷ ಅಂತ ಲೆಕ್ಕ, ಜಾಗ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಬಾಯಿಮಾತಿನಲ್ಲಿ ಹಕ್ಕು ವಹಿಸಿಕೊಟ್ಟರೆ ಅದು ನಡೆಯುವುದಿಲ್ಲ, ಬರಹದಲ್ಲಿ ಇರಬೇಕು, ಸಹಿ ಇರಬೇಕು. ಸಹಿ ಮಾಡುವ ಮೊದಲು ಈ ನಾಲ್ಕು ವಿಷಯ ಗೊತ್ತಿದ್ದರೆ ಅರ್ಧ ಒಪ್ಪಂದಗಳ ಹೂರಣ ಹೊರಗೆ ಬರುತ್ತದೆ.

ನಿಜವಾಗಿ ಸಿನಿಮಾ ಮಾಡುವವರು ಕಥೆಯನ್ನು ಕಾದಿರಿಸಿಕೊಳ್ಳಲು ಲೇಖಕರಿಗೇ ಒಂದಿಷ್ಟು ದುಡ್ಡು ಕೊಡುತ್ತಾರೆ. ಕಡಿಮೆ ಇರಬಹುದು, ಒಂದು ವರ್ಷ, ಒಂದೂವರೆ ವರ್ಷ ಅಂತ ಗಡುವು ಇರುತ್ತದೆ. ಸಿನಿಮಾ ಆಗುತ್ತದೆ ಅಂತ ಲೇಖಕರಿಂದಲೇ ದುಡ್ಡು ಕೇಳುವುದು ಇಲ್ಲಿಯದ್ದೇ ರೋಗ ಅಂದುಕೊಳ್ಳಬೇಡಿ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಒಂದು ಪುಸ್ತಕ ಕಂಪನಿಯ ಮೇಲೆ ಅಮೆರಿಕ ಸರ್ಕಾರದ ವಕೀಲರು ಹೊರಿಸಿದ ಆರೋಪವೂ ಇದೇ ಜಾಡಿನದು. 800ಕ್ಕೂ ಹೆಚ್ಚು ಲೇಖಕರಿಗೆ ಸಿನಿಮಾದ ಆಸೆ, ದೊಡ್ಡ ಪ್ರಕಾಶಕರ ಆಸೆ ತೋರಿಸಿ 4.4 ಕೋಟಿ ಡಾಲರ್ ಕಿತ್ತರು ಅಂತ ಆರೋಪ.

ಒಪ್ಪಂದ ಬೇಡ ಅಂದ ಮೇಲೆ ಅವರ ದನಿಯೇ ಬದಲಾಯಿತು. ‘ಹಾಗಾದರೆ ಹಳೇ ಪ್ಯಾಕೇಜ್ ಸೇವೆಯೂ ನಿಲ್ಲುತ್ತದೆ’ ಅಂದರು. ದುಡ್ಡು ವಾಪಸ್ ಕೇಳಿದೆ. ನೀಲಿ ಟಿಕ್ ಬೀಳುತ್ತದೆ, ಉತ್ತರ ಇಲ್ಲ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟ ಮೇಲೆ ಉತ್ತರ ಬಂತು: ಫಲಿತಾಂಶಕ್ಕೆ ಗ್ಯಾರಂಟಿ ಕೊಟ್ಟಿರಲಿಲ್ಲ, ಲೇಖಕರು ಲಾಭಕ್ಕಾಗಿ ಸೇವೆ ಕೊಂಡ ವ್ಯಾಪಾರಿ, ಗ್ರಾಹಕ ಅಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡ ಸೇವೆಯನ್ನು ಗ್ರಾಹಕ ಕಾಯ್ದೆ ಹೊರಗಿಡುವುದಿಲ್ಲ ಅಂತ ಗೆಳೆಯ ಹೇಳುತ್ತಾನೆ, ಅದೇ ವಾದ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ದೇವೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು. ಕಂಪನಿಯೇ ಸುಳ್ಳು, ದುಡ್ಡು ಹಾಕಿಸಿಕೊಂಡು ಫೋನ್ ಆಫ್ ಮಾಡಿದ್ದಾರೆ ಅಂದರೆ ಅದು ಸೈಬರ್ ವಂಚನೆ. ಆಗ ಸೈಬರ್ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಕರೆ ಮಾಡಿ, ಬೇಗ ಹೇಳಿದಷ್ಟೂ ಆ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ನಮಗೆ ಈಗ ಹೆಚ್ಚು ಉಪಯೋಗಕ್ಕೆ ಬರುತ್ತಿರುವುದು ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್‌ಗಳು. ‘ನೂರು ನಿಜವಾದ ಓದುಗರು, ನನ್ನ ಗ್ಯಾರಂಟಿ’ ಅಂತ ಹೇಳಿದ ದನಿ ಅದರಲ್ಲಿದೆ, ಬರಹದಲ್ಲಿ ಎಲ್ಲೂ ಇಲ್ಲ. ದುಡ್ಡು ಹೋಗಿರುವುದು ಕಂಪನಿ ಖಾತೆಗಲ್ಲ, ಯಾರದೋ ಸ್ವಂತ ಖಾತೆಗೆ ಅನ್ನುವುದು ಯುಪಿಐ ರಸೀದಿಯಿಂದ ಗೊತ್ತಾಗಿದೆ. ಹಾಗಾಗಿ ಚಾಟ್ ಅಳಿಸಬೇಡಿ, ಫೋನ್ ಬದಲಿಸುವ ಮೊದಲು ಬ್ಯಾಕಪ್ ತೆಗೆಯಿರಿ.

ದುಡ್ಡು ಖರ್ಚೇ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಕರಡು ತಿದ್ದುವವರಿಗೆ, ಮುಖಪುಟ ಮಾಡುವವರಿಗೆ, ಮುದ್ರಕರಿಗೆ ಕೊಡಲೇಬೇಕು. ಮುದ್ರಕರು ಪುಸ್ತಕದ ಅಳತೆ 1/8 ಡೆಮಿ, 70 ಜಿಎಸ್‌ಎಂ ತೂಕದ ಕಾಗದ, ಇಷ್ಟು ಪುಟ, ಇಷ್ಟು ಪ್ರತಿ ಅಂತ ಲೆಕ್ಕ ಕೊಡುತ್ತಾರೆ, ಕೊನೆಗೆ ಪುಸ್ತಕ ಕೈಗೆ ಬರುತ್ತದೆ. ಪ್ರಚಾರದವರ ಹತ್ತಿರವೂ ಅಂಥದ್ದೇ ಲೆಕ್ಕ ಕೇಳಿ: ಯಾರಿಗೆ ಪ್ರತಿ ಕಳಿಸುತ್ತೀರಿ, ಯಾವ ತಾರೀಖಿಗೆ, ಕೊರಿಯರ್ ರಸೀದಿ ತೋರಿಸುತ್ತೀರಾ? ನನ್ನವರು ಇದಕ್ಕೆ ‘ನಮ್ಮ ನೆಟ್‌ವರ್ಕ್ ಗೌಪ್ಯ’ ಅಂದಿದ್ದರು.

ಇಂಥ ಸಿನಿಮಾ ಒಪ್ಪಂದಕ್ಕೆ ಈಗಾಗಲೇ ಸಹಿ ಮಾಡಿದವರು ಇದ್ದರೆ ಅದನ್ನು ತೆಗೆದು ಎರಡು ವಿಷಯ ನೋಡಿ, ಸಹಿಯ ತಾರೀಖು ಮತ್ತು 19(4)ರ ಸಾಲು. ಆ ಸಾಲು ಇಲ್ಲ, ವರ್ಷ ಕಳೆದಿದೆ, ಅವರು ಏನೂ ಮಾಡಿಲ್ಲ ಅಂದರೆ ಹಕ್ಕು ನಿಮಗೇ ವಾಪಸ್ ಬಂದಿರುತ್ತದೆ. ಅದನ್ನೇ ಹೇಳುವ ಒಂದು ನೋಟಿಸ್ ವಕೀಲರಿಂದ ಬರೆಸಿ, ಕಂಪನಿಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆ ಸಾಲು ಇದ್ದರೆ ಬೇರೆ ದಾರಿ ಹುಡುಕಬೇಕು, ಮೊದಲು ಒಪ್ಪಂದವನ್ನು ಪೂರ್ತಿ ವಕೀಲರಿಗೆ ತೋರಿಸಿ.